ಎತ್ತರ ಆಮೇಲೆ, ಮೊದಲು ದಿನ ಎಣಿಸಿ

ಬೆಟ್ಟ, ಚಾರಣ, ಶಿಖರದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಗಂಗಾವತಿಯ ದೈಹಿಕ ಶಿಕ್ಷಣ ಶಿಕ್ಷಕಿಯೊಬ್ಬರ ಉತ್ತರ

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಐದು ಸಲ ಶ್ರೀಶೈಲಕ್ಕೆ ಪಾದಯಾತ್ರೆ ಮಾಡಿದ್ದೇನೆ. ಮಗಳು ಡಿಗ್ರಿ ಕೊನೆಯ ವರ್ಷದಲ್ಲಿದ್ದಾಳೆ. ಇಬ್ಬರೂ ಸೇರಿ ಮನಾಲಿ ಹತ್ತಿರದ ಫ್ರೆಂಡ್‌ಶಿಪ್ ಪೀಕ್ ಹತ್ತಬೇಕು ಅಂತ ಆಸೆ. ಜಾಹೀರಾತಿನಲ್ಲಿ ‘ಹೊಸಬರಿಗೂ ಆಗುತ್ತದೆ, ಗೈಡ್ ಇರುತ್ತಾರೆ, 6 ದಿನ’ ಅಂತ ಇದೆ. ನಮ್ಮ ಅತ್ತೆಯವರು ‘ಸಹಸ್ರತಾಲ್‌ನಲ್ಲಿ ನಮ್ಮ ರಾಜ್ಯದವರೇ ತೀರಿಹೋದರಲ್ಲ, ಮರೆತೆಯಾ?’ ಅಂತಾರೆ. ನನಗೆ ಬಿಪಿ ಗುಳಿಗೆ ನಡೆಯುತ್ತಿದೆ. ನಮ್ಮಂಥವರು ಹೋಗಬಹುದಾ? ನಮ್ಮೂರಲ್ಲಿ ಎತ್ತ ನೋಡಿದರೂ ಭತ್ತದ ಗದ್ದೆ, ಗುಡ್ಡ ಇಲ್ಲ. ತಯಾರಿ ಎಲ್ಲಿ ಮಾಡಬೇಕು?
– ಓದುಗರು, ಸಿಂಧನೂರು

ಉತ್ತರ: ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೋಗಬಹುದು. ಆದರೆ ಆ 6 ದಿನದ ತಂಡದ ಜೊತೆ ಬೇಡ. ಈ ವರ್ಷವೂ ಬೇಡ.

ಯಾಕೆ ಅಂದರೆ, 2019ರ ಮೇ ತಿಂಗಳಲ್ಲಿ ನಾನು ಇಂಥದ್ದೇ 6 ದಿನದ ತಂಡದ ಜೊತೆ ಇದೇ ಶಿಖರಕ್ಕೆ ಹೋಗಿದ್ದೆ. ಆಗ ನನಗೆ 42. ದಿನಾ ಮಕ್ಕಳ ಜೊತೆ ಮೈದಾನದಲ್ಲಿ ಓಡುವವಳು. ಅಂಜನಾದ್ರಿಯ 575 ಮೆಟ್ಟಿಲು ಎಲ್ಲೂ ನಿಲ್ಲದೆ ಹತ್ತುತ್ತಿದ್ದೆ. ತಂಡದಲ್ಲಿ ಎಲ್ಲರಿಗಿಂತ ಮುಂದೆ ನಾನೇ ಇರುತ್ತಿದ್ದೆ. ಮೊದಲ ದಿನ ಮನಾಲಿಯಿಂದ ಜೀಪಿನಲ್ಲಿ ಧುಂಡಿ, ಅಲ್ಲಿಂದ ನಡೆದು ಬಕರ್‌ಥಾಚ್. ಎರಡನೇ ದಿನ ಲೇಡಿ ಲೆಗ್ ಅನ್ನುವ ಕ್ಯಾಂಪು. ಉಳಿದವರಿಗಿಂತ ಮುಕ್ಕಾಲು ಗಂಟೆ ಮೊದಲೇ ಅಲ್ಲಿ ಮುಟ್ಟಿದೆ. ಸಂಜೆ ತಲೆನೋವು ಶುರುವಾಯಿತು. ರಾತ್ರಿ ಎರಡು ಸಲ ವಾಂತಿ. ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಕೂತೆ. ಯಾವ ದಾರ ಯಾವುದರ ಕೆಳಗೆ ಹೋಗಬೇಕು ಅನ್ನೋದೇ ತಿಳಿಯಲಿಲ್ಲ. ಲೇಸು ಹಿಡಿದುಕೊಂಡು ಸುಮ್ನೆ ಕೂತಿದ್ದೆ.

ಅದನ್ನು ನೋಡಿದವನು ತಂಡದ ಜೊತೆ ಬಂದಿದ್ದ ಅಲ್ಲಿನ ಊರಿನ ಹುಡುಗ. ನನ್ನನ್ನು ಎಬ್ಬಿಸಿ ನಿಲ್ಲಿಸಿದ. ಒಂದು ಕಾಲಿನ ಹಿಮ್ಮಡಿ ಇನ್ನೊಂದು ಕಾಲಿನ ಬೆರಳಿಗೆ ತಾಗುವ ಹಾಗೆ ಹತ್ತು ಹೆಜ್ಜೆ ನೇರ ನಡೆಯಿರಿ ಅಂದ. ನಾಲ್ಕನೇ ಹೆಜ್ಜೆಗೆ ಪಕ್ಕಕ್ಕೆ ವಾಲಿದೆ. ಅವನು ಬೇರೆ ಮಾತೇ ಆಡಲಿಲ್ಲ. ನನ್ನ ಬ್ಯಾಗು ತಾನೇ ಹೊತ್ತು, ಕೈ ಹಿಡಿದು ಕೆಳಗೆ ಕರೆದುಕೊಂಡು ಬಂದ. ಸಂಜೆ ಮನಾಲಿ ಸೇರುವಷ್ಟರಲ್ಲಿ ತಲೆ ತಿಳಿಯಾಗಿತ್ತು. ಇನ್ನೊಂದು ರಾತ್ರಿ ಅಲ್ಲೇ ಮಲಗಿದ್ದರೆ ಏನಾಗುತ್ತಿತ್ತು ಅಂತ ನಂತರ ಒಬ್ಬ ವೈದ್ಯರು ಬಿಡಿಸಿ ಹೇಳಿದರು. ಎತ್ತರದಲ್ಲಿ ಮಿದುಳು ಬಾತುಕೊಳ್ಳಲು ಶುರುವಾದಾಗ ಹೀಗೆ ಹೆಜ್ಜೆ ತಪ್ಪುತ್ತದೆ, ಬುದ್ಧಿ ಮಂಕಾಗುತ್ತದೆ. ಅದಕ್ಕೆ ಮೊದಲ ಮದ್ದು ಕೆಳಗೆ ಇಳಿಯೋದು. ಅದೂ ಬೆಳಗಾಗಲಿ ಅಂತ ಕಾಯದೆ.

ನಾನು ದುರ್ಬಲಳಾಗಿ ಬಿದ್ದವಳಲ್ಲ. ಕಾಲಿನಲ್ಲಿ ಶಕ್ತಿ ಇತ್ತು, ಅದಕ್ಕೇ ಜೋರಾಗಿ ನಡೆದೆ. ಜೋರಾಗಿ ನಡೆದದ್ದಕ್ಕೇ ಬಿದ್ದೆ. ನಮ್ಮ ಕಡೆಯವರಿಗೆ ನಾನು ಮತ್ತೆ ಮತ್ತೆ ಹೇಳೋದು ಇದನ್ನೇ. ಹೊಲದಲ್ಲಿ ದುಡಿದವರು, ಪಾದಯಾತ್ರೆ ಮಾಡಿದವರು, ಕಬಡ್ಡಿ ಆಡಿದವರು ನಾವು. ನಡಿಗೆ ನಮಗೆ ಹೊಸದಲ್ಲ. ನಮಗೆ ಹೊಸದು ಎತ್ತರ.

ಲೆಕ್ಕ ಬರೆಯುವವರು ನೀವು, ಈ ಲೆಕ್ಕ ನೋಡಿ. ಸಿಂಧನೂರು ಸಮುದ್ರಮಟ್ಟದಿಂದ 400 ಮೀಟರಿನ ಆಸುಪಾಸು. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಮನಾಲಿ ಊರೇ ಸುಮಾರು 2,050 ಮೀಟರ್. ಅಂದರೆ ನೀವು ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಕೂತಾಗಲೇ ನಮ್ಮ ರಾಜ್ಯದ ತುದಿ ದಾಟಿರುತ್ತೀರಿ. ಬಕರ್‌ಥಾಚ್ 3,300ರ ಹತ್ತಿರ, ಲೇಡಿ ಲೆಗ್ 3,800ರ ಹತ್ತಿರ. ಶಿಖರ 5,289. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರತೀರದಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ಆದರೆ ಅದಕ್ಕೆ ಅದರದ್ದೇ ಸಮಯ ಬೇಕು. ಮೊದಲು ಉಸಿರಾಟ ಜೋರಾಗುತ್ತದೆ. ಉಸಿರು ಜೋರಾದರೆ ರಕ್ತದಲ್ಲಿ ಹುಳಿ–ಕ್ಷಾರದ ತೂಕ ಏರುಪೇರಾಗುತ್ತದೆ. ಅದನ್ನು ಮೂತ್ರಪಿಂಡ ಸರಿಮಾಡಬೇಕು, ಅದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ನೀವು ಎಷ್ಟೇ ಓಡಿದವರಾಗಿರಲಿ, ಈ ಕೆಲಸ ಬೇಗ ಮುಗಿಯುವುದಿಲ್ಲ. ಅದಕ್ಕೇ ಪರ್ವತದ ವೈದ್ಯರು ಒಂದು ಅಳತೆ ಇಟ್ಟಿದ್ದಾರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಒಂದು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಜಾಗದಲ್ಲಿ ಇನ್ನೊಂದು ರಾತ್ರಿ ಇರಬೇಕು. ಹಗಲು ಅದಕ್ಕಿಂತ ಸ್ವಲ್ಪ ಮೇಲೆ ಹೋಗಿ ಬಂದರೂ ನಡೆಯುತ್ತದೆ. ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನೋದು ಮುಖ್ಯ.

ಈ ಅಳತೆ ಇಟ್ಟು ನಿಮ್ಮ ಜಾಹೀರಾತಿನ 6 ದಿನವನ್ನು ಕಾಗದದ ಮೇಲೆ ಬರೆದು ನೋಡಿ. ಹೋಗುವ ದಿನ, ಬರುವ ದಿನ ಕಳೆಯಿರಿ. ಶಿಖರಕ್ಕೆ ಹೊರಡುವ ರಾತ್ರಿ ಕಳೆಯಿರಿ. ಹಿಮದಲ್ಲಿ ನಡೆಯೋದು ಕಲಿಸುವ ದಿನ ಕಳೆಯಿರಿ. ದೇಹಕ್ಕೆ ಅಂತ ಏನು ಉಳಿಯಿತು? ಮಳೆಯೋ ಹಿಮವೋ ಸುರಿದರೆ ಕಾಯಲು ಒಂದು ದಿನ ಎಲ್ಲಿದೆ? 2019ರಲ್ಲಿ ನಮ್ಮನ್ನು ಕರೆದೊಯ್ದವರನ್ನು ಇದನ್ನೇ ಕೇಳಿದ್ದೆ. ‘ಎಲ್ಲರಿಗೂ ರಜೆ ಕಡಿಮೆ ಇರ್ತದೆ ಮೇಡಂ’ ಅಂದರು. ರಜೆ ಕಡಿಮೆ ಇದ್ದರೆ ಸಣ್ಣ ಬೆಟ್ಟಕ್ಕೆ ಹೋಗಬೇಕು. ದೊಡ್ಡ ಬೆಟ್ಟವನ್ನು ಕಡಿಮೆ ದಿನಕ್ಕೆ ಹಿಡಿಸಲು ಆಗುವುದಿಲ್ಲ.

ಮನಾಲಿಯಲ್ಲಿ ಎರಡು ರಾತ್ರಿ, ಬಕರ್‌ಥಾಚ್‌ನಲ್ಲಿ ಎರಡು, ಲೇಡಿ ಲೆಗ್‌ನಲ್ಲಿ ಕನಿಷ್ಠ ಎರಡು, ಹವಾಮಾನಕ್ಕೆ ಅಂತ ಖಾಲಿ ಬಿಟ್ಟ ಒಂದು ದಿನ, ಇಳಿಯಲು ಒಂದು. ಇಷ್ಟು ಇರುವ ತಂಡ ಹುಡುಕಿ. ಐದು ಸಾವಿರ ಜಾಸ್ತಿ ಆದರೂ ಆಗಲಿ. ನೀವು ದುಡ್ಡು ಕೊಟ್ಟು ಕೊಳ್ಳೋದು ಶಿಖರವನ್ನಲ್ಲ, ಆ ದಿನಗಳನ್ನು.

ಬಕರ್‌ಥಾಚ್ ಹೆಸರು ಬಂತಲ್ಲ, ಒಂದು ಮಾತು ಹೇಳಬೇಕು. ಥಾಚ್ ಅಂದರೆ ಅಲ್ಲಿನವರ ಮಾತಿನಲ್ಲಿ ಹುಲ್ಲುಗಾವಲು. ಅದು ಆಡು–ಕುರಿ ಮೇಯುವ ಜಾಗ. ಗದ್ದಿ ಅನ್ನುವ ಕುರಿಗಾಹಿಗಳು ಬೇಸಿಗೆಯಲ್ಲಿ ಹಿಂಡು ಹೊಡೆದುಕೊಂಡು ಮೇಲೆ ಬರುತ್ತಾರೆ. ನಮ್ಮ ಕಡೆ ಕುರುಬರು ಕಂಬಳಿ ಹೊದ್ದು ಹಿಂಡಿನ ಹಿಂದೆ ಊರಿಂದೂರಿಗೆ ಹೋಗುತ್ತಾರಲ್ಲ, ಹಾಗೇ. ಅವರು ಒಂದೇ ಸಲಕ್ಕೆ ಮೇಲಕ್ಕೆ ಏರುವುದಿಲ್ಲ. ಹಿಮ ಕರಗಿ ಹುಲ್ಲು ಎಷ್ಟು ಮೇಲೇರುತ್ತದೋ ಅಷ್ಟಷ್ಟೇ ಏರುತ್ತಾರೆ, ವಾರಗಟ್ಟಲೆ. ನಾನು ಎರಡನೇ ಸಲ ಹೋದಾಗ ವಯಸ್ಸಾದ ಒಬ್ಬ ಕುರಿಗಾಹಿಯ ಹಿಂದೆ ಒಂದು ಗಂಟೆ ನಡೆದೆ. ಅವರ ಹೆಜ್ಜೆ ನೋಡಿದೆ. ಒಂದು ಹೆಜ್ಜೆ ಇಟ್ಟು ಹಿಂದಿನ ಕಾಲು ನೆಟ್ಟಗೆ ಮಾಡಿ, ಭಾರ ಅದರ ಮೇಲೆ ಬಿಟ್ಟು, ಒಂದು ಉಸಿರು ನಿಂತು, ಆಮೇಲೆ ಮುಂದಿನ ಹೆಜ್ಜೆ. ಗೈಡುಗಳು ‘ರೆಸ್ಟ್ ಸ್ಟೆಪ್’ ಅಂತ ಕಲಿಸೋದು ಇದನ್ನೇ. ನೀವು ಇವತ್ತಿನಿಂದಲೇ ರೂಢಿ ಮಾಡಿಕೊಳ್ಳಬಹುದು.

ಈಗ ನಿಮ್ಮ ಅತ್ತೆಯವರ ಮಾತು. ಅವರು ಹೇಳಿದ್ದು ನಿಜ, ಅದನ್ನು ತಳ್ಳಿಹಾಕಬೇಡಿ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹೆಚ್ಚಿನವರು ಕರ್ನಾಟಕದವರೇ ಇದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. 9 ಜನ ತೀರಿಕೊಂಡರು. ಅದು ಹಗ್ಗ ಹಾಕಿ ಹತ್ತುವ ಶಿಖರವೂ ಅಲ್ಲ, ನಡೆದು ಹೋಗುವ ದಾರಿ. ನಡೆದು ಬಲ್ಲವರಿಗೂ ಹೀಗಾಯಿತಲ್ಲ ಅಂತ ನಾನು ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ. ಗಾಳಿ ಮತ್ತು ಒದ್ದೆ ಎರಡೂ ಸೇರಿದರೆ ಮೈ ಬಿಸಿ ನಿಮಿಷ ನಿಮಿಷಕ್ಕೂ ಇಳಿಯುತ್ತದೆ. ಯಾವ ಗೈಡಿಗೂ ಮೋಡವನ್ನು ತಡೆಯಲು ಆಗುವುದಿಲ್ಲ. ಆಗೋದು ಏನೆಂದರೆ, ಆಕಾಶ ನೋಡಿ ಹೊರಡದೇ ಇರೋದು, ಹೊರಟರೂ ಹೊತ್ತಿಗೆ ಸರಿಯಾಗಿ ತಿರುಗೋದು. ಖಾಲಿ ದಿನ ಇದ್ದ ತಂಡ ‘ಇವತ್ತು ಬೇಡ’ ಅನ್ನಬಹುದು. ದಿನ ಇಲ್ಲದ ತಂಡಕ್ಕೆ ಆ ಮಾತು ಬಾಯಿಗೆ ಬರೋದೇ ಕಷ್ಟ. ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕಾಗದ ತೋರಿಸಿ. ಎಷ್ಟು ಹೊತ್ತಿಗೆ ತಿರುಗುತ್ತೀರಿ, ಯಾರು ತಿರುಗಿ ಅನ್ನುತ್ತಾರೆ ಅಂತ ಹೇಳಿ. ‘ಏನೂ ಆಗಲ್ಲ’ ಅಂತ ಮಾತ್ರ ಹೇಳಬೇಡಿ.

ಬಿಪಿ ವಿಷಯ. ಗುಳಿಗೆಯಿಂದ ಹತೋಟಿಯಲ್ಲಿದ್ದರೆ ಅದೊಂದೇ ಕಾರಣಕ್ಕೆ ಹೋಗಬಾರದು ಅಂತಿಲ್ಲ. ಆದರೆ ಎತ್ತರದಲ್ಲಿ ಬಿಪಿ ಏರುತ್ತದೆ. ರಾಯಚೂರಿನಲ್ಲಿ ಒಳ್ಳೆಯ ವೈದ್ಯರಿಗೆ ತೋರಿಸಿ, ‘5,000 ಮೀಟರ್ ಮೇಲೆ ಹೋಗುತ್ತೇನೆ’ ಅಂತ ಬಾಯಿಬಿಟ್ಟು ಹೇಳಿ. ಸುಮ್ನೆ ಟೂರ್ ಅಂದರೆ ಅವರು ಬೇರೆಯೇ ಅಂದುಕೊಳ್ಳುತ್ತಾರೆ. ಇಸಿಜಿ ಮಾಡಿಸಿ. ಅದಕ್ಕಿಂತ ಮೊದಲು ನೀವೂ ಮಗಳೂ ಹಿಮೋಗ್ಲೋಬಿನ್ ನೋಡಿಸಿ. ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರೋದು ಬಹಳ, ಅಲ್ವಾ? ಇರುವ ಸ್ವಲ್ಪ ಆಮ್ಲಜನಕವನ್ನು ಹೊರುವುದೇ ಈ ಹಿಮೋಗ್ಲೋಬಿನ್. ಕಡಿಮೆ ಇದ್ದರೆ ಗುಳಿಗೆ ತಗೊಂಡು ಸರಿಯಾಗಲು ತಿಂಗಳುಗಳೇ ಬೇಕು. ಈ ವರ್ಷ ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ. ಎತ್ತರಕ್ಕೆ ಅಂತ ಕೊಡುವ ಡಯಾಮಾಕ್ಸ್ ಗುಳಿಗೆಯನ್ನು ಯಾರೋ ಹೇಳಿದರು ಅಂತ ನುಂಗಬೇಡಿ. ಸಲ್ಫಾ ಔಷಧ ಆಗದವರು ಅದನ್ನು ಬಹಳ ಎಚ್ಚರದಿಂದ ನೋಡಬೇಕು. ವೈದ್ಯರು ಬರೆದುಕೊಟ್ಟರೆ ಊರಲ್ಲೇ ಒಂದೆರಡು ದಿನ ತಗೊಂಡು ನೋಡಿ. ಬೆರಳು ಜುಂ ಅನ್ನುತ್ತದೆ, ಮೂತ್ರ ಜಾಸ್ತಿ ಆಗುತ್ತದೆ. ಗುಡಾರದಲ್ಲಿ ಮೊದಲ ಸಲ ಹೀಗಾದರೆ ಗಾಬರಿ ಆಗುತ್ತದೆ.

‘ಗೈಡ್ ಇರುತ್ತಾರೆ’ ಅಂತ ಜಾಹೀರಾತಿನಲ್ಲಿ ಇದೆಯಲ್ಲ, ಎಷ್ಟು ಜನ ಅಂತ ಕೇಳಿ. ಶಿಖರದ ರಾತ್ರಿ ಮೂವರಿಗೆ ಒಬ್ಬರು ಇಲ್ಲದಿದ್ದರೆ ನಾನು ಹೋಗುವುದಿಲ್ಲ. ಒಬ್ಬರಿಗೆ ಆಗದಿದ್ದರೆ ಅವರನ್ನು ಇಳಿಸಲು ಒಬ್ಬ ಗೈಡು ಹೋಗಬೇಕು. ಉಳಿದವರಿಗೆ ಯಾರು? ಗೈಡುಗಳು ಪರ್ವತಾರೋಹಣದ ಬೇಸಿಕ್, ಅಡ್ವಾನ್ಸ್ ಕೋರ್ಸ್ ಮುಗಿಸಿದ್ದಾರಾ, ಪ್ರಥಮ ಚಿಕಿತ್ಸೆ ಕಲಿತಿದ್ದಾರಾ ಕೇಳಿ. ಆಮ್ಲಜನಕದ ಸಿಲಿಂಡರ್ ಯಾವ ಕ್ಯಾಂಪಿನವರೆಗೆ ಬರುತ್ತದೆ? ಮನಾಲಿಯಲ್ಲೇ ಇಟ್ಟಿದ್ದರೆ ಅದು ಇದ್ದೂ ಇಲ್ಲದ ಹಾಗೆ. ವಿಮೆ ಮಾಡಿಸುವಾಗ ಎಷ್ಟು ಮೀಟರ್ ಎತ್ತರದವರೆಗೆ ಅದು ನಡೆಯುತ್ತದೆ ಅಂತ ಸಣ್ಣ ಅಕ್ಷರ ಓದಿ. ಈ ಪ್ರಶ್ನೆಗಳಿಗೆ ಫೋನಿನಲ್ಲಿ ಬೇಸರ ಮಾಡಿಕೊಂಡವರು ಮೇಲೆ ಹೋದ ಮೇಲೆ ನಿಮ್ಮ ಮಾತು ಕೇಳುವುದಿಲ್ಲ.

‘ಹೊಸಬರಿಗೂ ಆಗುತ್ತದೆ’ ಅನ್ನೋದು ಸುಳ್ಳಲ್ಲ. ಕಡಿದಾದ ಬಂಡೆ ಹತ್ತುವ ಕೆಲಸ ಅಲ್ಲಿಲ್ಲ. ಆದರೆ ಹಿಮದ ಇಳಿಜಾರು ಇದೆ, ಮೇಲ್ಭಾಗದಲ್ಲಿ ಹಿಮದ ಬಿರುಕುಗಳಿವೆ. ಬೂಟಿನ ಕೆಳಗೆ ಕಬ್ಬಿಣದ ಹಲ್ಲಿನ ಕ್ರಾಂಪಾನ್ ಕಟ್ಟಬೇಕು, ಕೈಯಲ್ಲಿ ಹಿಮ ಕಡಿಯುವ ಕೊಡಲಿ, ಅಂದರೆ ಐಸ್ ಆ್ಯಕ್ಸ್ ಹಿಡಿಯಬೇಕು, ಸೊಂಟಕ್ಕೆ ಹಾರ್ನೆಸ್ ಅನ್ನುವ ಪಟ್ಟಿ ತೊಟ್ಟು ಎಲ್ಲರೂ ಒಂದೇ ಹಗ್ಗಕ್ಕೆ ಸೇರಬೇಕು. ಜಾರಿದರೆ ಹೊಟ್ಟೆ ಮೇಲೆ ಹೊರಳಿ, ಆ್ಯಕ್ಸಿನ ಮೂತಿಯನ್ನು ಹಿಮಕ್ಕೆ ಒತ್ತಿ, ಕಾಲು ಮೇಲೆತ್ತಬೇಕು. ಕಾಲು ಊರಲು ಹೋದರೆ ಕ್ರಾಂಪಾನ್ ಸಿಕ್ಕಿಕೊಂಡು ಪಲ್ಟಿ ಹೊಡೆಸುತ್ತದೆ. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಪೂರ್ತಿ ಒಂದು ದಿನ ಹಿಮದಲ್ಲಿ ಬಿದ್ದು ಎದ್ದು ಕಲಿಯಬೇಕು. ಬೂಟು ಬಾಡಿಗೆಗೆ ತಗೊಳ್ಳುವವರು ಮನಾಲಿಯಲ್ಲೇ ಎರಡು ಕಾಲುಚೀಲ ಹಾಕಿ, ಮೆಟ್ಟಿಲು ಇಳಿದು ನೋಡಿ. ಬೆರಳು ಮುಂದೆ ಬಡಿದರೆ ಬೇರೆ ಜೋಡಿ ಕೇಳಿ.

ಶಿಖರಕ್ಕೆ ಹೊರಡೋದು ರಾತ್ರಿ ಒಂದು ಎರಡು ಗಂಟೆಗೆ. ಅಷ್ಟೊತ್ತಿಗೆ ಹಿಮ ಗಟ್ಟಿಯಾಗಿರುತ್ತದೆ, ಹೆಜ್ಜೆ ನಿಲ್ಲುತ್ತದೆ. ಬಿಸಿಲೇರಿದರೆ ಮೊಣಕಾಲವರೆಗೆ ಹೂತುಹೋಗುತ್ತದೆ, ಮೇಲಿನಿಂದ ಹಿಮ ಜಾರುವ ಭಯವೂ ಇದೆ. ಅದಕ್ಕೇ ತುದಿ ಕಣ್ಣಿಗೆ ಕಂಡರೂ ಹೊತ್ತು ಮೀರಿದರೆ ತಿರುಗಬೇಕು. ಹೋಗಿ ಬರಲು 12 ಗಂಟೆ ಮೀರಬಹುದು. ಶ್ರೀಶೈಲದ ದಾರಿಯಲ್ಲಿ ಬೊಬ್ಬೆ ಎದ್ದ ಕಾಲಲ್ಲಿ ನಡೆದವರು ನೀವು, ಅಷ್ಟು ಹೊತ್ತು ಮನಸ್ಸು ಗಟ್ಟಿಯಾಗಿ ಇಡುವುದು ನಿಮಗೆ ಗೊತ್ತು. ಆ ವಿಷಯದಲ್ಲಿ ಬಹಳ ಜನ ಪಟ್ಟಣದ ಹುಡುಗರಿಗಿಂತ ನೀವು ಮುಂದಿದ್ದೀರಿ.

ತಯಾರಿಗೆ ಜಾಗ ಇಲ್ಲ ಅಂದಿರಿ. ಇದೆ. ಮಸ್ಕಿ ನಿಮಗೆ ಹತ್ತಿರ. ಅಶೋಕನ ಶಾಸನ ಸಿಕ್ಕ ಊರು. ಅಲ್ಲಿ ಬೆಟ್ಟದ ಮೇಲಿನ ಮಲ್ಲಿಕಾರ್ಜುನನ ಗುಡಿಗೆ ಮೆಟ್ಟಿಲಿವೆ. ಭಾನುವಾರ ನಸುಕಿನಲ್ಲಿ ತಾಯಿ ಮಗಳು ಹೋಗಿ ಮೂರು ಸಲ ಹತ್ತಿ ಇಳಿಯಿರಿ. ಮೊದಲ ತಿಂಗಳು ಬರಿಗೈಲಿ, ಆಮೇಲೆ ಬ್ಯಾಗಿನಲ್ಲಿ ನೀರಿನ ಬಾಟಲಿ ತುಂಬಿ ನಾಲ್ಕು ಕೆಜಿ, ಆಮೇಲೆ ಎಂಟು. ಇಳಿಯುವಾಗ ಅವಸರ ಬೇಡ, ಮೊಣಕಾಲು ಹೋಗೋದು ಇಳಿಯುವಾಗಲೇ. ವಾರದ ಉಳಿದ ದಿನ ಎಡದಂಡೆ ಕಾಲುವೆ ಏರಿಯ ಮೇಲೆ ಒಂದು ಗಂಟೆ ನಡಿಗೆ. ಮಗಳ ಜೊತೆ ಮಾತಾಡುತ್ತಾ ನಡೆಯಲು ಆಗಬೇಕು, ಅಷ್ಟೇ ವೇಗ. ಮಾತು ತುಂಡಾದರೆ ನಿಧಾನ ಮಾಡಿ. ಏಪ್ರಿಲ್, ಮೇ ಧಗೆಯಲ್ಲಿ ಆರೂವರೆಯೊಳಗೆ ಮುಗಿಸಿಬಿಡಿ.

ಈ ಚಳಿಗಾಲದಲ್ಲಿ ಇಬ್ಬರೂ ಕೇದಾರಕಾಂಠಾಕ್ಕೆ ಹೋಗಿ ಬನ್ನಿ. ಉತ್ತರಾಖಂಡದ ಸಾಂಕ್ರಿಯಿಂದ ನಡಿಗೆ. 3,810 ಮೀಟರ್. ಹಗ್ಗ ಬೇಡ. ಹಿಮ ಅಂದರೇನು, ಚಳಿಯಲ್ಲಿ ಗುಡಾರದ ನಿದ್ದೆ ಹೇಗಿರುತ್ತದೆ, ನಿಮ್ಮ ತಲೆ ಎತ್ತರಕ್ಕೆ ಏನನ್ನುತ್ತದೆ, ಎಲ್ಲ ಗೊತ್ತಾಗುತ್ತದೆ. ದೆಹಲಿಗೆ ರಾಯಚೂರಿನಲ್ಲೇ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಬಹುದು. ಅದು ಸರಿಹೋದರೆ ಮುಂದಿನ ಮೇ ಕೊನೆಗೋ ಜೂನಿಗೋ ಮನಾಲಿ.

ನಾನು ಎರಡನೇ ಸಲ 2022ರ ಜೂನ್‌ನಲ್ಲಿ 9 ದಿನದ ತಂಡದ ಜೊತೆ ಹೋದೆ. ಪ್ರತಿದಿನ ಎಲ್ಲರಿಗಿಂತ ಹಿಂದೆ ನಡೆದೆ. ಒಂದು ದಿನ ಹಿಮ ಸುರಿಯಿತು, ಗುಡಾರದಲ್ಲೇ ಕೂತೆವು. ಮರುರಾತ್ರಿ ಹೊರಟು ಬೆಳಿಗ್ಗೆ ಒಂಬತ್ತೂವರೆಗೆ ಮೇಲೆ ಇದ್ದೆ. ಗೈಡು ಕೈ ತೋರಿಸಿ ಒಂದೊಂದೇ ಹೆಸರು ಹೇಳಿದ. ದೇವ್ ಟಿಬ್ಬಾ, ಇಂದ್ರಾಸನ್. ಆಮೇಲೆ ಹತ್ತಿರದಲ್ಲೇ ಬೆಳ್ಳಗೆ ನಿಂತಿದ್ದ ಒಂದನ್ನು ತೋರಿಸಿ ‘ಹನುಮಾನ್ ಟಿಬ್ಬಾ’ ಅಂದ. ಅಂಜನಾದ್ರಿ ಮೆಟ್ಟಿಲು ಹತ್ತಿ ಹತ್ತಿ ಅಲ್ಲಿಗೆ ಬಂದವಳು ನಾನು. ಕನ್ನಡಕದೊಳಗೇ ಕಣ್ಣು ತುಂಬಿತು. ಹತ್ತು ನಿಮಿಷ ಇದ್ದು ಇಳಿದೆವು.

ಪ್ರಶ್ನೆ: ಮೇಡಂ, ನಾನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. 26 ವರ್ಷ. 21 ಕಿಲೋಮೀಟರ್ ಓಟ ಎರಡು ಗಂಟೆಯೊಳಗೆ ಮುಗಿಸುತ್ತೇನೆ. ಸಣ್ಣಪುಟ್ಟ ಬೆಟ್ಟ ಬಿಟ್ಟು ನೇರವಾಗಿ 6,000 ಮೀಟರ್ ದಾಟಬೇಕು ಅಂತಿದ್ದೇನೆ. ಲಡಾಖಿನ ಸ್ಟೋಕ್ ಕಾಂಗ್ರಿ ಒಳ್ಳೆಯದಾ, ಕಾಂಗ್ ಯಾತ್ಸೆ 2 ಒಳ್ಳೆಯದಾ? ಬಟ್ಟೆ ಏನು ಒಯ್ಯಬೇಕು?
– ಓದುಗರು, ಬಳ್ಳಾರಿ

ಉತ್ತರ: ತಮ್ಮಾ, ಸ್ಟೋಕ್ ಕಾಂಗ್ರಿಯನ್ನು 2020ರಲ್ಲಿ ಮುಚ್ಚಿದರು. ಅಲ್ಲಿನ ಹಿಮ, ನೀರು ಹಾಳಾಗುತ್ತಿದೆ ಅಂತ ಊರಿನವರೇ ಕೇಳಿಕೊಂಡಿದ್ದರು. ಆ ಹೆಸರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡುವ ಮೊದಲು ಚೆನ್ನಾಗಿ ವಿಚಾರಿಸು. ಕಾಂಗ್ ಯಾತ್ಸೆ 2 ಇರೋದು ಮಾರ್ಖಾ ಕಣಿವೆಯ ಕಡೆ, 6,250 ಮೀಟರ್. ಅದಕ್ಕೆ ಹೊಸಬರೂ ಹೋಗುತ್ತಾರೆ. ಆದರೆ ನೀನು ಮೊದಲ ಬೆಟ್ಟವಾಗಿ ಅದನ್ನು ಇಟ್ಟುಕೊಳ್ಳಬೇಡ.

ಮೇಲೆ ಸಿಂಧನೂರಿನ ತಂಗಿಗೆ ಬರೆದದ್ದು ಓದು. ಅಲ್ಲಿರುವ ನನ್ನ ಕಥೆ ನಿನಗೇ ಹೆಚ್ಚು ಹೊಂದುತ್ತದೆ. ಎರಡು ಗಂಟೆಯಲ್ಲಿ 21 ಕಿಲೋಮೀಟರ್ ಓಡುವವನಿಗೆ ನಿಧಾನ ನಡೆಯೋದು ಬಹಳ ಕಷ್ಟದ ಕೆಲಸ. ಗೆಳೆಯರು ಮುಂದೆ ಹೋದರೆ ಕಾಲು ತಾನಾಗಿ ಜೋರಾಗುತ್ತದೆ. ಲೇಹ್‌ಗೆ ವಿಮಾನದಲ್ಲಿ ಹೋದರೆ ಬಾಗಿಲು ತೆಗೆದ ಕೂಡಲೇ 3,200 ಮೀಟರ್ ಮೇಲೆ ಇರುತ್ತೀ. ಅಲ್ಲಿ ಎರಡು ದಿನ ಏನೂ ಮಾಡದೆ ಕೂರಬೇಕು. ಬೈಕ್ ಬಾಡಿಗೆಗೆ ತಗೊಂಡು ಇನ್ನೂ ಎತ್ತರದ ಖಾರ್ದುಂಗ್ ಲಾ ಘಾಟಿ ನೋಡಿ ಬರೋಣ ಅನ್ನುವವರ ಜೊತೆ ಹೋಗಬೇಡ. ಮೊದಲು ಮನಾಲಿ ಹತ್ತಿರದ ಹಂಪ್ತಾ ಪಾಸಿನಂಥ 4,200 ಮೀಟರಿನ ದಾರಿ ಒಂದು ಮುಗಿಸು. ತಲೆನೋವು ಬಂದರೆ ಮುಚ್ಚಿಡಬೇಡ. ನಿನ್ನ ವಯಸ್ಸಿನವರು ಮಾಡುವ ದೊಡ್ಡ ತಪ್ಪು ಅದೇ. ಕೂತಲ್ಲೇ ಏದುಸಿರು ಬಂದರೆ, ಕೆಮ್ಮಿನಲ್ಲಿ ನೊರೆ ಬಂದರೆ, ರಾತ್ರಿ ಆಗಲಿ ಹಗಲಾಗಲಿ, ಯಾರನ್ನಾದರೂ ಎಬ್ಬಿಸಿ ಕೆಳಗಿಳಿ.

ಬಟ್ಟೆ. ಬಳ್ಳಾರಿ ಜೀನ್ಸ್ ಅಂದರೆ ನಮಗೆಲ್ಲ ಹೆಮ್ಮೆ. ಹಿಮಕ್ಕೆ ಮಾತ್ರ ಬೇಡ. ಹತ್ತಿ ಬಟ್ಟೆ ಬೆವರು, ನೀರು ಹಿಡಿದರೆ ಬಿಡುವುದಿಲ್ಲ, ಮೈಗೆ ಅಂಟಿಕೊಂಡು ತಣ್ಣಗೆ ಕೊರೆಯುತ್ತದೆ. ಬನಿಯನ್ನಿನಿಂದ ಹಿಡಿದು ಎಲ್ಲವೂ ಬೇಗ ಒಣಗುವ ಪಾಲಿಯೆಸ್ಟರ್ ಅಥವಾ ಉಣ್ಣೆಯದ್ದಿರಲಿ. ಒಂದೇ ದಪ್ಪ ಕೋಟಿಗಿಂತ ತೆಳ್ಳಗಿನ ಮೂರು ನಾಲ್ಕು ಒಳ್ಳೆಯದು. ಎಲ್ಲಕ್ಕೂ ಮೇಲೆ ಗಾಳಿ, ನೀರು ತಡೆಯುವ ಜಾಕೆಟ್. ಪಕ್ಕದಿಂದಲೂ ಮುಚ್ಚುವ ಕಪ್ಪು ಕನ್ನಡಕ ಮರೆಯಬೇಡ. ಹಿಮದ ಬೆಳಕಿಗೆ ಕಣ್ಣು ಸುಟ್ಟರೆ ಅವತ್ತೇ ಗೊತ್ತಾಗುವುದಿಲ್ಲ, ರಾತ್ರಿ ಕಣ್ಣಲ್ಲಿ ಮರಳು ಸುರಿದ ಹಾಗೆ ಆಗುತ್ತದೆ.

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ. ಟೂರ್ ಕಂಪನಿ ಜೊತೆ ಬೇಡ, ಸರಿಯಾಗಿ ಕಲಿತೇ ಹತ್ತುತ್ತೇನೆ ಅಂತಾಳೆ. ಎಲ್ಲಿ ಕಲಿಸುತ್ತಾರೆ?
– ಓದುಗರು, ಕೊಪ್ಪಳ

ಉತ್ತರ: ಅಣ್ಣಾವ್ರೆ, ನಿಮ್ಮ ಮಗಳ ಮಾತು ಕೇಳಿ ಬಹಳ ಖುಷಿಯಾಯಿತು. ಡಾರ್ಜಿಲಿಂಗ್‌ನಲ್ಲಿ 1954ರಲ್ಲಿ ಶುರುವಾದ ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟ್ ಇದೆ. ಉತ್ತರಕಾಶಿಯಲ್ಲಿ 1965ರ ನೆಹರು ಇನ್‌ಸ್ಟಿಟ್ಯೂಟ್ ಆಫ್ ಮೌಂಟೇನಿಯರಿಂಗ್ ಇದೆ. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಸಂಸ್ಥೆ ಇದೆ. ಮೂರೂ ಸರ್ಕಾರದವು. ಬೇಸಿಕ್ ಕೋರ್ಸ್ ಹೆಚ್ಚುಕಡಿಮೆ ನಾಲ್ಕು ವಾರ. ಊಟ, ವಸತಿ, ಸಾಮಾನು ಎಲ್ಲ ಅವರೇ ಕೊಡುತ್ತಾರೆ. ಸೀಟು ತಿಂಗಳುಗಟ್ಟಲೆ ಮೊದಲೇ ತುಂಬುತ್ತವೆ, ಮಗಳ ಪರೀಕ್ಷೆಯ ದಿನ ನೋಡಿಕೊಂಡು ಬೇಗ ಅರ್ಜಿ ಹಾಕಿ. ‘ಎ’ ಗ್ರೇಡ್ ಬಂದರೆ ಅಡ್ವಾನ್ಸ್ ಕೋರ್ಸಿಗೆ ದಾರಿ ಆಗುತ್ತದೆ.

ನಮ್ಮ ರಾಜ್ಯದಲ್ಲೇ ರಾಮನಗರದಲ್ಲಿ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಬಂಡೆ ಹತ್ತೋದು ಕಲಿಸುತ್ತದೆ. ಇನ್ನೂ ಹತ್ತಿರ ಬೇಕೆಂದರೆ ನಿಮ್ಮ ಜಿಲ್ಲೆಯ ಸಾಣಾಪುರ, ಆನೆಗೊಂದಿ ಇವೆ. ಅಲ್ಲಿನ ಗುಂಡುಗಳನ್ನು ಹತ್ತಲು ಹೊರದೇಶದವರು ಬೆನ್ನಿಗೆ ಹಾಸಿಗೆಯಂಥ ಪ್ಯಾಡ್ ಹೊತ್ತು ಬರುತ್ತಾರೆ. ನಾವು ದಿನಾ ಬಸ್ಸಿನಲ್ಲಿ ಅದೇ ಗುಂಡುಗಳ ಪಕ್ಕದಲ್ಲಿ ಹೋಗುತ್ತೇವೆ. ಮಗಳನ್ನು ಒಂದು ಚಳಿಗಾಲದ ಬೆಳಿಗ್ಗೆ ಅಲ್ಲಿಗೆ ಕರೆದುಕೊಂಡು ಬನ್ನಿ. ಒಬ್ಬಳನ್ನೇ ಹತ್ತಲು ಬಿಡಬೇಡಿ, ಕೆಳಗೆ ಹಿಡಿಯಲು ತಿಳಿದವರು ಇರಬೇಕು.

ಪ್ರಶ್ನೆ: ಹಿಮಾಲಯದಲ್ಲಿ ಬರೀ ಅನ್ನ, ಬೇಳೆ, ನೂಡಲ್ಸ್ ಅಂತೆ. ಜೋಳದ ರೊಟ್ಟಿ ಇಲ್ಲದೆ ನನಗೆ ಹೊಟ್ಟೆ ತುಂಬಲ್ಲ. ಒಯ್ಯಬಹುದಾ?
– ಓದುಗರು, ರಾಯಚೂರು

ಉತ್ತರ: ಖಂಡಿತ ಒಯ್ಯಿರಿ. ಮೇಲೆ ಹೋದಂತೆ ಹಸಿವು ಸಾಯುತ್ತದೆ. ಎಷ್ಟು ಒಳ್ಳೆಯ ಊಟ ಇಟ್ಟರೂ ಬೇಡ ಅನ್ನಿಸುತ್ತದೆ. ಆಗ ಬಾಯಿಗೆ ಗೊತ್ತಿರುವ ರುಚಿ ಒಂದಿದ್ದರೆ ನಾಲ್ಕು ತುತ್ತು ಜಾಸ್ತಿ ಹೋಗುತ್ತದೆ. ಕಟಕ್ ರೊಟ್ಟಿ ಹಗುರ, ಕೆಡುವುದಿಲ್ಲ. ಬ್ಯಾಗಿನಲ್ಲಿ ಹೇಗಿದ್ದರೂ ಪುಡಿಯಾಗುತ್ತದೆ, ಸ್ಟೀಲ್ ಡಬ್ಬಿಯ ಭಾರ ಯಾಕೆ ಅಂತ ನಾನು ಮನೆಯಲ್ಲೇ ಸಣ್ಣಗೆ ಮುರಿದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡೆ. ಬಿಸಿ ಬೇಳೆಯಲ್ಲಿ ಹಾಕಿ ಎರಡು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಶೇಂಗಾ ಹಿಂಡಿ ಎಷ್ಟು ಒಯ್ದರೂ ಕಡಿಮೆಯೇ. 2022ರಲ್ಲಿ ಅರ್ಧ ಕೆಜಿ ಒಯ್ದಿದ್ದೆ. ಮೂರನೇ ದಿನಕ್ಕೆ ಅಡುಗೆಯವರೇ ಕೇಳಿ ತಗೊಂಡು ಅನ್ನಕ್ಕೆ ಕಲಸಿಕೊಂಡರು. ಲೇಡಿ ಲೆಗ್‌ಗೆ ಹೋಗುವಷ್ಟರಲ್ಲಿ ಚೀಲ ಖಾಲಿ. ನೀವು ಒಂದು ಕೆಜಿ ಮಾಡಿಸಿ. ಖಾರ ಸ್ವಲ್ಪ ಕಡಿಮೆ ಹಾಕಿಸಿ, ಅಲ್ಲಿ ಒಣಗಾಳಿಗೆ ಗಂಟಲು ಮೊದಲೇ ಕೆರೆಯುತ್ತಿರುತ್ತದೆ.